ಸಕಲೇಶಪುರಕ್ಕೆ ಬಂದವರಿಗೆ ನಡೆಯುವ ದಾರಿ ಕೊಡಿ: ಹಾಸನ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಹಾಸನ ಜಿಲ್ಲೆಯ ಪ್ರವಾಸೋದ್ಯಮ, ಅರಣ್ಯ ಮತ್ತು ಪುರಾತತ್ವ ಇಲಾಖೆಗಳ ಅಧಿಕಾರಿಗಳಿಗೆ ನಮಸ್ಕಾರಗಳು.

ಶನಿವಾರದ ನಸುಕಿನಲ್ಲಿ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ಇಳಿದು, ಬೆನ್ನಿಗೆ ಚೀಲ ಏರಿಸಿಕೊಂಡು, ಮಂಜಿನಲ್ಲಿ ಬೆಟ್ಟದ ಸಾಲು ಎಲ್ಲಿದೆಯೆಂದು ಹುಡುಕುವ ಯುವಕ ಯುವತಿಯರು ಊರಿನವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಇಲ್ಲಿಂದ ಎಲ್ಲಿಗೆ ನಡೆದುಕೊಂಡು ಹೋಗಬಹುದು?" ಇದೇ ತಾಲ್ಲೂಕಿನಲ್ಲಿ ಹುಟ್ಟಿ, ಕಾಫಿ ತೋಟಗಳ ನಡುವಿನ ಕಾಲುದಾರಿಯಲ್ಲಿ ಶಾಲೆಗೆ ಹೋಗಿ ಬೆಳೆದ ನನಗೆ ಈ ಪ್ರಶ್ನೆಯ ಉತ್ತರ ತಟ್ಟನೆ ಬಾಯಿಗೆ ಬರಬೇಕಿತ್ತು. ಬರುವುದಿಲ್ಲ. ರೈಲು ಹಳಿಯ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ. ಕಾಡಿನೊಳಗಿನ ಬೆಟ್ಟಕ್ಕೆ ಅನುಮತಿ ಬೇಕು, ಯಾವ ಬೆಟ್ಟ ಕಾಡಿಗೆ ಸೇರಿದ್ದು, ಯಾವುದು ಅಲ್ಲ ಎಂಬುದು ಹೊರಗಿನಿಂದ ಬಂದವರಿಗೆ ತಿಳಿಯುವುದಿಲ್ಲ. ತೋಟದ ದಾರಿಗಳು ಖಾಸಗಿಯವು, ಮಿಕ್ಕ ದಾರಿಗಳಲ್ಲಿ ಕಾಡಾನೆಯ ಭಯವಿದೆ. ಹೀಗೆ ಒಂದೊಂದನ್ನೇ ಬೇಡವೆನ್ನುತ್ತ ಹೋದರೆ ಕೊನೆಗೆ ಉಳಿಯುವುದು ಜೀಪು ಮಾತ್ರ. ನಡೆಯಲೆಂದು ಇಷ್ಟು ದೂರ ಬಂದವರು ಜೀಪಿನಲ್ಲಿ ಕುಳಿತು ಹುಲ್ಲುಗುಡ್ಡದ ನೆತ್ತಿಯವರೆಗೆ ಹೋಗಿ, ಚಿತ್ರ ತೆಗೆದುಕೊಂಡು, ಊರಿನ ಹೆಸರಿನ ಅರ್ಥವೂ ತಿಳಿಯದೆ ಭಾನುವಾರ ಸಂಜೆ ಹೊರಟುಹೋಗುತ್ತಾರೆ.

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಒಂದೇ. ಊರಿನಿಂದಲೇ ಹೊರಡುವ, ಕಾನೂನಿನ ಒಪ್ಪಿಗೆಯಿರುವ, ದಿನಕ್ಕೆ ಇಷ್ಟೇ ಜನವೆಂಬ ಮಿತಿಯುಳ್ಳ, ಇಲ್ಲಿಯ ಜನರೇ ಜೊತೆಗಿದ್ದು ಕರೆದೊಯ್ಯುವ ಕೆಲವು ಕಾಲುದಾರಿಗಳನ್ನು ಗುರುತಿಸಿ ತೆರೆಯಿರಿ. ಹೊಸ ರಸ್ತೆ ಬೇಡ, ಗಾಜಿನ ಸೇತುವೆ ಬೇಡ, ಬೆಟ್ಟದ ಮೇಲೆ ಹೊಸ ಕಟ್ಟಡವೂ ಬೇಡ. ನಡೆಯಲು ಯೋಗ್ಯವಾದ ದಾರಿ ಸಿಕ್ಕರೆ ಈಗ ನಡೆಯುತ್ತಿರುವ ಅನೇಕ ತಪ್ಪುಗಳು ತಾವಾಗಿಯೇ ಕಡಿಮೆಯಾಗುತ್ತವೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆಗೆ ಕಾರಣಗಳನ್ನು ವಿವರವಾಗಿ ಹೇಳಲು ಅವಕಾಶ ಕೊಡಬೇಕು.

ಮೊದಲು ರೈಲು ಹಾದಿಯ ಮಾತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ 55 ಕಿಲೋಮೀಟರ್ ಘಟ್ಟದ ಹಾದಿಯಲ್ಲಿ 57 ಸುರಂಗಗಳಿವೆ, 109 ಸೇತುವೆಗಳಿವೆ; ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವಷ್ಟು ಕಡಿದಾದ ಇಳಿಜಾರು. 1970ರ ದಶಕದ ಕೊನೆಗೆ ಮೀಟರ್ ಗೇಜ್ ಹಾದಿಯಾಗಿ ಇದು ತೆರೆದುಕೊಂಡಿತು. ಹಳಿಗಳ ನಡುವಿನ ಅಂತರ ಹೆಚ್ಚಿಸುವ ಗೇಜ್ ಬದಲಾವಣೆಗೆಂದು 1996ರಲ್ಲಿ ಸಂಚಾರ ನಿಂತಿತು, 2007ರ ಕೊನೆಗೆ ಪ್ರಯಾಣಿಕರ ರೈಲು ಮರಳಿ ಬಂತು. ಹಳಿಯ ಮೇಲೆ ಚಾರಣ ಮಾಡುವ ಅಭ್ಯಾಸ ಬೇರು ಬಿಟ್ಟದ್ದು ರೈಲು ಓಡದಿದ್ದ ಆ ನಡುವಿನ ವರ್ಷಗಳಲ್ಲಿ ಎಂಬುದನ್ನು ಇಲ್ಲಿ ನೆನಪಿಸಬೇಕು. ಇದೇ ಹಾದಿಯ ನಿಲ್ದಾಣಗಳಾದ ದೋಣಿಗಾಲಿನಿಂದ ಎಡಕುಮೇರಿಯವರೆಗೆ ನಡೆದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ ಹೇಳಿದರು. ರೈಲು ಮರಳಿ ಬಂದ ಮೇಲೂ ಆ ಮಾತು ನಿಲ್ಲಲಿಲ್ಲ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಂ ಪ್ರಕಾರ ಹಳಿಯ ಮೇಲೆ ಅತಿಕ್ರಮವಾಗಿ ಪ್ರವೇಶಿಸುವುದು ಆರು ತಿಂಗಳವರೆಗಿನ ಸೆರೆವಾಸ ಅಥವಾ ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಆದರೂ ಇಂದಿಗೂ ಕೆಲವರು ಹೋಗುತ್ತಾರೆ. ತಿರುವಿನಾಚೆಯ ರೈಲು ಮಳೆಯ ಸದ್ದಿನಲ್ಲಿ ಕೇಳಿಸುವುದಿಲ್ಲ. ಸುರಂಗದೊಳಗೆ ಗೋಡೆಯಲ್ಲಿ ಅಲ್ಲಲ್ಲಿ ಕೊರೆದಿರುವ, ಹಳಿ ಕೆಲಸಗಾರರು ಸರಿದು ನಿಲ್ಲುವ ಗೂಡುಗಳನ್ನು ಬಿಟ್ಟರೆ ಬೇರೆ ಆಸರೆಯಿಲ್ಲ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬದಿಯ ಮಣ್ಣೇ ಜಾರಿಹೋಗಿ ರೈಲು ಸಂಚಾರ ದಿನಗಟ್ಟಲೆ ನಿಂತದ್ದನ್ನು ನೋಡಿದವರಿಗೆ ಈ ನೆಲ ಎಷ್ಟು ಸೂಕ್ಷ್ಮವೆಂದು ಬಿಡಿಸಿ ಹೇಳಬೇಕಾಗಿಲ್ಲ.

ದಂಡ ವಿಧಿಸುವುದು ಬೇಕು, ಕಾವಲು ಇರುವುದೂ ಬೇಕು. ಆದರೆ ಇಪ್ಪತ್ತು ವರ್ಷದ ಹುಡುಗನೊಬ್ಬನಿಗೆ "ಅಲ್ಲಿ ಹೋಗಬೇಡ" ಎಂದು ಹೇಳುವವರು "ಇಲ್ಲಿ ಹೋಗು" ಎಂದೂ ಹೇಳಿದಾಗಲೇ ಮಾತಿಗೆ ತೂಕ ಬರುತ್ತದೆ. ಆ ಕಣಿವೆಯನ್ನು ನೋಡುವ ಆಸೆಯಲ್ಲಿ ತಪ್ಪೇನೂ ಇಲ್ಲ. ನೋಡಲು ರೈಲೇ ಇದೆ. 2021ರಲ್ಲಿ ಬೆಂಗಳೂರು–ಮಂಗಳೂರು ಮಾರ್ಗದ ಹಗಲಿನ ರೈಲಿಗೆ ದೊಡ್ಡ ಕಿಟಕಿಗಳ ವಿಸ್ಟಾಡೋಮ್ ಬೋಗಿ ಸೇರಿದಾಗ ಅದರಲ್ಲಿ ಕುಳಿತು ಹೋದವರ ಸಂತೋಷವನ್ನು ನಾವು ಕಂಡಿದ್ದೇವೆ. ರೈಲಿನಲ್ಲಿ ಕಣಿವೆ ನೋಡಿ, ಹಳಿಯಿಂದ ದೂರದಲ್ಲಿ ಗುರುತಿಸಿದ ದಾರಿಯಲ್ಲಿ ನಡೆದು, ಊರಿಗೆ ಮರಳುವಂತೆ ಒಂದು ದಿನವನ್ನು ಹೊಂದಿಸಿಕೊಡುವುದು ರೈಲ್ವೆಯೊಡನೆ ಮಾತಾಡಿದರೆ ಅಸಾಧ್ಯವೇನಲ್ಲ.

ಇನ್ನು ಹುಲ್ಲುಗುಡ್ಡಗಳ ವಿಚಾರ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಬೇಕು. ನಮ್ಮ ಬೆಟ್ಟಗಳ ತಲೆ ಬೋಳಾಗಿ ಕಾಣುವುದು ಅಲ್ಲಿ ಯಾರೋ ಕಾಡು ಕಡಿದದ್ದರಿಂದ ಎಂದು ಅನೇಕ ಪ್ರವಾಸಿಗರು ತಿಳಿದಿದ್ದಾರೆ. ನೆತ್ತಿಯಲ್ಲಿ ಹುಲ್ಲು, ಮಡಿಲಿನ ಕಂದರದಲ್ಲಿ ಗಿಡ್ಡ ಮರಗಳ ಶೋಲಾ ಕಾಡು ಎನ್ನುವುದು ಪಶ್ಚಿಮ ಘಟ್ಟದ ಮೇಲ್ಭಾಗದ ಸಹಜ ಜೋಡಿ. ಗಾಳಿ ಬಲವಾಗಿ ಬೀಸುವ, ಬಂಡೆಯ ಮೇಲೆ ತೆಳುವಾಗಿ ಹರಡಿದ ಮಣ್ಣಿನಲ್ಲಿ ಹುಲ್ಲಿನ ಬೇರುಗಳು ಬಲೆಯಂತೆ ಹೆಣೆದುಕೊಂಡು ಆ ಮಣ್ಣನ್ನು ಹಿಡಿದಿವೆ. ಜೂನ್‌ನಿಂದ ಸುರಿಯುವ ಮಳೆಯನ್ನು ಈ ಬಲೆ ನಿಧಾನವಾಗಿ ಹೀರಿ, ಕಂದರದ ಕಾಡಿಗೆ ಒಪ್ಪಿಸುತ್ತದೆ. ಬೇಸಿಗೆಯಲ್ಲೂ ಹಳ್ಳಗಳಲ್ಲಿ ನೀರು ಉಳಿಯುವುದು ಇದರಿಂದಲೇ. ಜೀಪಿನ ಗಾಲಿ ಇಳಿಜಾರಿನಲ್ಲಿ ನಾಲ್ಕಾರು ಸಲ ಒಂದೇ ಕಡೆ ಹಾದರೆ ಬೇರಿನ ಹೆಣಿಗೆ ಹರಿಯುತ್ತದೆ. ಮುಂದಿನ ಮಳೆಗೆ ಆ ಗಾಲಿಯ ಗುರುತು ಕಾಲುವೆಯಾಗುತ್ತದೆ, ಅದರ ಮುಂದಿನ ವರ್ಷ ಕೊರಕಲಾಗುತ್ತದೆ, ಕೊರಕಲಿನಲ್ಲಿ ಜೀಪು ಹೋಗದೆಂದು ಪಕ್ಕದಲ್ಲಿ ಹೊಸ ಗುರುತು ಬೀಳುತ್ತದೆ. ನಾನು ಚಿಕ್ಕಂದಿನಲ್ಲಿ ದನ ಹುಡುಕಿಕೊಂಡು ಹತ್ತುತ್ತಿದ್ದ ಗುಡ್ಡವೊಂದರಲ್ಲಿ ಈಗ ಇಂಥ ಗಾಯಗಳನ್ನು ರಸ್ತೆಯಲ್ಲೇ ನಿಂತು ಎಣಿಸಬಹುದು. ಕೆಂಪು ಮಣ್ಣಿನ ಆ ಗೆರೆಗಳು ಮಳೆಗಾಲದ ಹಸಿರಿನ ನಡುವೆ ಮತ್ತಷ್ಟು ಎದ್ದು ಕಾಣುತ್ತವೆ.

ಈ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹೇಳಬೇಕು. ಬಿಸಿಲೆ ಸಮೀಪದ ಏಣಿನ ಮೇಲೆ ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ ಎಂದು ತೋರಿಸುವ ಹಳೆಯ ಕಲ್ಲೊಂದಿದೆ. ಅದರ ಪೂರ್ವಕ್ಕೆ ಬಿದ್ದ ಹನಿ ಹೇಮಾವತಿಯನ್ನು ಸೇರಿ, ಗೊರೂರಿನ ಜಲಾಶಯ ದಾಟಿ, ಕಾವೇರಿಯಾಗಿ ಹರಿಯುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯ ಮೂಲಕ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ನಮ್ಮ ಗುಡ್ಡದ ಹುಲ್ಲು ಕಿತ್ತುಹೋದರೆ ಎರಡೂ ದಿಕ್ಕಿನ ಊರುಗಳಿಗೆ ಅದರ ಕೆಸರು ತಲುಪುತ್ತದೆ. ಕೆಳಗಿನ ಕೆಂಪುಹೊಳೆಯ ಕಾಡಿನಲ್ಲಿ, ಘಟ್ಟದ ಬುಡದ ಊರಾದ ಗುಂಡ್ಯದ ಹೆಸರನ್ನೇ ಹೊತ್ತ ಒಂದು ಸಣ್ಣ ಕಪ್ಪೆಯಿದೆ. ವಿಜ್ಞಾನ ಲೋಕ ಅದನ್ನು 1986ರಲ್ಲಿ ಹೆಸರಿಟ್ಟು ಗುರುತಿಸಿತು. ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಬಿಸಿಲೆಯಿಂದ ಎದುರಿಗೇ ಕಾಣುವ ಪುಷ್ಪಗಿರಿಯ ಕಾಡೂ ಅದರಲ್ಲಿತ್ತು. ಇಂಥ ನೆಲದ ಮೇಲೆ ವಾಹನ ಹತ್ತಿಸುವುದನ್ನು ಮನರಂಜನೆಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಜೀಪು ಡಾಂಬರು ರಸ್ತೆ ಮುಗಿಯುವಲ್ಲಿಗೆ ನಿಲ್ಲಲಿ, ಅಲ್ಲಿಂದ ಮುಂದೆ ಕಾಲು ನಡೆಯಲಿ.

ಜೀಪಿನಿಂದಲೇ ಸಂಸಾರ ಸಾಗಿಸುತ್ತಿರುವ ಹುಡುಗರು ನನ್ನ ನೆಂಟರಲ್ಲೂ ಇದ್ದಾರೆ. ಅವರ ಅನ್ನ ಕಸಿಯುವ ಮಾತನ್ನು ನಾನು ಆಡುತ್ತಿಲ್ಲ. ಊರಿನಿಂದ ದಾರಿ ಶುರುವಾಗುವ ಜಾಗದವರೆಗೆ ಜನರನ್ನು ಬಿಡುವುದು, ಸಂಜೆ ಮತ್ತೆ ಕರೆತರುವುದು ಅವರ ಕೆಲಸವಾಗಿಯೇ ಉಳಿಯಬಹುದು. ಇಕ್ಕಟ್ಟಿನ ಘಟ್ಟದ ರಸ್ತೆಗಳಲ್ಲಿ ಪ್ರವಾಸಿಗರ ಸ್ವಂತ ಕಾರುಗಳು ಸಾಲುಗಟ್ಟುವ ಬದಲು ಸ್ಥಳೀಯ ವಾಹನಗಳೇ ಓಡಿದರೆ ಅವರಿಗೆ ವಾರದ ನಡುವೆಯೂ ಬಾಡಿಗೆ ಸಿಕ್ಕೀತು.

ಈಗ ಕೋಟೆಗೆ ಬರುತ್ತೇನೆ. ಊರಿನಿಂದ ಮಂಗಳೂರಿನ ದಿಕ್ಕಿಗೆ ಐದಾರು ಕಿಲೋಮೀಟರ್ ದೂರದಲ್ಲಿ, ಸಮುದ್ರ ಮಟ್ಟದಿಂದ 988 ಮೀಟರ್ ಎತ್ತರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಮಂಜರಾಬಾದ್ ಕೋಟೆಯಿದೆ. ಅದು ಪೂರ್ಣಗೊಂಡದ್ದು 1792ರಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಸುಮಾರು ಅರ್ಧದಷ್ಟನ್ನು ಕಳೆದುಕೊಂಡ ವರ್ಷವೂ ಅದೇ. ಮಲಬಾರು ಕೈತಪ್ಪಿದ ಮೇಲೆ ಮಂಗಳೂರಿನ ಬಂದರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಉಳಿದ ಈ ಘಟ್ಟದ ಹಾದಿ ಎಷ್ಟು ಬೆಲೆಯುಳ್ಳದ್ದಾಗಿತ್ತೆಂದು ಕೋಟೆಯ ಗೋಡೆಯ ಮೇಲೆ ನಿಂತು ಕೆಳಗಿನ ಹೆದ್ದಾರಿಯನ್ನು ನೋಡಿದರೆ ಸಾಕು, ಯಾವ ವಿವರಣೆಯೂ ಬೇಕಾಗುವುದಿಲ್ಲ. ಎಂಟು ಮೂಲೆಗಳ ನಕ್ಷತ್ರದಂತೆ ಇದನ್ನು ಕಟ್ಟಿದ್ದು ಅಂದಕ್ಕಾಗಿ ಅಲ್ಲ. ಫ್ರೆಂಚರಿಂದ ಬಂದ ಆ ಕ್ರಮದಲ್ಲಿ ಮುಂದಕ್ಕೆ ಚಾಚಿದ ಒಂದೊಂದು ಮೂಲೆಯೂ ಪಕ್ಕದ ಮೂಲೆಯ ಗೋಡೆಬುಡವನ್ನು ಕಾಯುತ್ತದೆ, ಶತ್ರು ಎಲ್ಲಿ ಅಡಗಿ ನಿಂತರೂ ಯಾವುದಾದರೊಂದು ಕಡೆಯ ಗುಂಡಿಗೆ ಸಿಕ್ಕೇ ಸಿಗುತ್ತಾನೆ. ಕೋಟೆಯ ನಡುವೆ ಶಿಲುಬೆಯಾಕಾರದ ಮೆಟ್ಟಿಲುಕೊಳವಿದೆ, ಅದರ ಬಳಿಯಲ್ಲಿ ಸಿಡಿಮದ್ದು ಇಡುತ್ತಿದ್ದ, ಬೇಸಿಗೆಯಲ್ಲೂ ತಂಪಾಗಿರುವ ನೆಲಮಾಳಿಗೆಗಳಿವೆ.

ಇಷ್ಟೆಲ್ಲ ಇರುವ ಕೋಟೆಯಲ್ಲಿ ಪ್ರವಾಸಿಗರು ಹುಡುಕುವುದು ನಕ್ಷತ್ರವನ್ನು. ಮೇಲಿನಿಂದ ತೆಗೆದ ಚಿತ್ರವನ್ನು ಫೋನಿನಲ್ಲಿ ನೋಡಿ ಬಂದಿರುತ್ತಾರೆ, ಮೆಟ್ಟಿಲು ಹತ್ತಿ ಒಳಗೆ ಬಂದಾಗ ಆ ಆಕಾರ ಕಾಣುವುದಿಲ್ಲ, ಬೇಸರವಾಗುತ್ತದೆ. ನಕ್ಷತ್ರವನ್ನು ಕಾಲಿನಿಂದಲೇ ತಿಳಿಯಬಹುದು. ಗೋಡೆಯ ಒಳಬದಿಯಲ್ಲಿ ಒಂದು ಸುತ್ತು ನಡೆಯುತ್ತ, ಪ್ರತಿ ಮೂಲೆಯಲ್ಲೂ ತಿರುಗಿ ಹಿಂದಿನ ಮೂಲೆಯನ್ನು ನೋಡಿದರೆ, ನಾಲ್ಕನೆಯ ತಿರುವಿನ ಹೊತ್ತಿಗೆ ಯಾರಿಗಾದರೂ ಅದು ಮನಸ್ಸಿನಲ್ಲಿ ಮೂಡುತ್ತದೆ. ನಾನು ನನ್ನ ಮನೆಗೆ ಬಂದ ಅತಿಥಿಗಳನ್ನು ಹೀಗೇ ಸುತ್ತಿಸುತ್ತೇನೆ, ಮಕ್ಕಳಂತೂ ಮೂಲೆ ಎಣಿಸುತ್ತ ಓಡುತ್ತಾರೆ. ಇದನ್ನು ತೋರಿಸಿಕೊಡಲು ತರಬೇತಿ ಪಡೆದ ಒಬ್ಬ ವ್ಯಕ್ತಿ ರಜಾದಿನಗಳಲ್ಲಿ ಅಲ್ಲಿದ್ದರೆ ಸಾಕು. ಮಳೆಗಾಲದಲ್ಲಿ ಪಾಚಿಗಟ್ಟುವ ಗೋಡೆಯಂಚಿಗೆ ಹೋಗದಂತೆ ಎಚ್ಚರಿಸುವುದೂ ಆ ವ್ಯಕ್ತಿಯಿಂದಲೇ ಆಗುತ್ತದೆ. ಬರೆದಿಟ್ಟ ಫಲಕಕ್ಕಿಂತ ಮನುಷ್ಯನ ಮಾತಿಗೆ ಜನ ಬೇಗ ಕಿವಿಗೊಡುತ್ತಾರೆ. ಕೋಟೆಗೆ ಬರುವವರು ಹೆದ್ದಾರಿಯ ಬದಿಯಲ್ಲಿ, ಲಾರಿಗಳು ಧಾವಿಸುವ ತಿರುವಿನಲ್ಲಿ ಕಾರು ನಿಲ್ಲಿಸುವುದನ್ನು ತಪ್ಪಿಸಬೇಕಾದರೂ ಊರಿನಿಂದ ಅಲ್ಲಿಗೆ ಚಿಕ್ಕ ಬಸ್ಸಿನ ವ್ಯವಸ್ಥೆ ಬೇಕು.

ಕೋಟೆಗೆ ಮೊದಲೂ ಇಲ್ಲಿ ಚರಿತ್ರೆಯಿತ್ತು. ಐಗೂರನ್ನು ನೆಲೆಯಾಗಿಸಿಕೊಂಡಿದ್ದ, ಆಗ ಬಲಂ ಎನಿಸಿದ್ದ ಈ ಸೀಮೆಯ ಪಾಳೆಯಗಾರರು, ಟಿಪ್ಪುವಿನ ಪತನದ ನಂತರವೂ, 1802ರವರೆಗೆ, ಬ್ರಿಟಿಷರ ಪಡೆಗೆ ಎದುರು ನಿಂತವರು. ಊರಿಗೆ ಹೆಸರು ಕೊಟ್ಟ ಸಕಲೇಶ್ವರನ ಗುಡಿ ಹೊಯ್ಸಳರ ಕಾಲದ್ದು. ಬೇಲೂರು, ಹಳೇಬೀಡುಗಳ ಕುಸುರಿಯನ್ನು ನಿರೀಕ್ಷಿಸಿ ಬಂದವರಿಗೆ ಅದು ಚಿಕ್ಕದೆನಿಸಬಹುದು, ಆದರೆ ಹೊಳೆ, ಗುಡಿ, ಊರು ಒಂದಕ್ಕೊಂದು ಆತುಕೊಂಡು ಬೆಳೆದ ಬಗೆಯನ್ನು ಅಲ್ಲಿ ನಿಂತು ನೋಡುವುದಕ್ಕೆ ತನ್ನದೇ ಒಂದು ಸೊಗಸಿದೆ. ಶಕಲ, ಅಂದರೆ ತುಂಡು. ಲಿಂಗ ಭಿನ್ನವಾಗಿದ್ದರಿಂದ ಶಕಲೇಶ್ವರ ಎಂಬ ಹೆಸರು ಬಂತೆಂದು ಹಿರಿಯರು ಹೇಳುವ ಕಥೆಯನ್ನು ಅಲ್ಲಿಯೇ ಕೇಳಬೇಕು. ನಾನು ಕೇಳುವ ಕಾಲುದಾರಿಗಳಲ್ಲಿ ಮೊದಲನೆಯದು ಈ ಗುಡಿಯಿಂದಲೇ ಹೊರಟು, ಹೇಮಾವತಿಯ ದಡ ಹಿಡಿದು, ಒಪ್ಪಿಗೆ ಕೊಟ್ಟ ತೋಟಗಳ ನಡುವೆ ಹಾದು ಬರಲಿ. ಬೆಟ್ಟ ಹತ್ತಲಾಗದ ವಯಸ್ಸಾದವರಿಗೂ ಅದು ಒಗ್ಗುತ್ತದೆ.

ಕಾಡಾನೆಗಳ ವಿಷಯದಲ್ಲಿ ಅವಸರ ಸಲ್ಲದು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ತೋಟದ ಕೆಲಸಕ್ಕೆ ಹೋದವರು ಮನೆಗೆ ಮರಳದ ದಿನಗಳನ್ನು ನಾವು ಕಂಡಿದ್ದೇವೆ. ಹಿಂಡು ಯಾವ ಭಾಗದಲ್ಲಿದೆ ಎಂದು ತಿಳಿಸುವ ಎಸ್‌ಎಂಎಸ್ ಸಂದೇಶ, ರಸ್ತೆಬದಿಯ ಎಚ್ಚರಿಕೆ ಫಲಕ, ಆನೆ ಕಾರ್ಯಪಡೆಯ ಸಿಬ್ಬಂದಿಯ ಓಡಾಟ, ಇವುಗಳಿಂದ ಊರಿನವರು ಎಷ್ಟೋ ಸಲ ಬದುಕಿಕೊಂಡಿದ್ದಾರೆ. ಆದರೆ ಹೋಂಸ್ಟೇಯಲ್ಲಿ ರಾತ್ರಿ ಕಳೆಯುವ ಹೊಸಬರಿಗೆ ಈ ಸಂದೇಶ ತಲುಪುವುದಿಲ್ಲ. ಬೆಳಗಿನ ಜಾವದ ಸೂರ್ಯೋದಯ ನೋಡಲೆಂದು ಕತ್ತಲಿನಲ್ಲೇ ಹೊರಟುಬಿಡುತ್ತಾರೆ. ನಡೆಯುವ ದಾರಿಗಳು ಆನೆಗಳು ದಾಟುವ ಜಾಗಗಳನ್ನು ಬಿಟ್ಟು ಇರಬೇಕು, ಬೆಳಕು ಹರಿದ ಮೇಲೆ ತೆರೆದು ಕತ್ತಲಿಗೆ ಸಾಕಷ್ಟು ಮುಂಚೆ ಮುಚ್ಚಬೇಕು, ಹಿಂಡು ಬಂದ ದಿನ ಕಾಯ್ದಿರಿಸಿದವರಿಗೆ ಹಣ ಮರಳಿಸಿ ದಾರಿಯನ್ನು ಮುಚ್ಚುವ ಅಧಿಕಾರ ಸ್ಥಳದಲ್ಲಿರುವ ಅರಣ್ಯ ಸಿಬ್ಬಂದಿಗೇ ಇರಬೇಕು. ಇದರಲ್ಲಿ ಯಾರ ಶಿಫಾರಸಿಗೂ ಎಡೆ ಇರಕೂಡದು.

ಜನರ ಸಂಖ್ಯೆಗೆ ಮಿತಿ ಹಾಕಿದರೆ ವ್ಯಾಪಾರ ಕೆಡುತ್ತದೆ ಎನ್ನುವವರು 2024ರ ಜನವರಿಯನ್ನು ನೆನಪಿಸಿಕೊಳ್ಳಲಿ. ಗಣರಾಜ್ಯೋತ್ಸವದ ರಜೆಯಲ್ಲಿ ನಮ್ಮ ಪಕ್ಕದ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಒಂದೇ ಸಮನೆ ನೆರೆದ ಚಿತ್ರಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಅದಾದ ಬಳಿಕ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣಗಳನ್ನು ತಡೆದು, ಅದೇ ವರ್ಷ ಒಂದೇ ಜಾಲತಾಣದ ಮೂಲಕ, ಒಂದು ಹಾದಿಗೆ ದಿನಕ್ಕೆ 300 ಜನ ಎಂಬ ಮಿತಿಯೊಂದಿಗೆ ವ್ಯವಸ್ಥೆ ಬಂತು. ಆ ಚೌಕಟ್ಟು ಸಿದ್ಧವಾಗಿಯೇ ಇದೆ. ನಮ್ಮ ಹುಲ್ಲುಗುಡ್ಡಗಳಿಗೆ 300 ಕೂಡ ಹೆಚ್ಚೆಂದು ನನಗನಿಸುತ್ತದೆ, ಎಷ್ಟು ಎಂಬುದನ್ನು ಮಣ್ಣು ಮತ್ತು ಸಸ್ಯ ಬಲ್ಲವರು ನೋಡಿ ಹೇಳಲಿ. ಮಳೆ ಜೋರಾಗಿರುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿದಾದ ದಾರಿಗಳು ಮುಚ್ಚಿಯೇ ಇರಲಿ. ಉಂಬಳ, ಅಂದರೆ ಜಿಗಣೆ, ಕಚ್ಚಿಸಿಕೊಂಡು ನಡೆಯುವ ಉತ್ಸಾಹ ಇರುವವರಿಗೆ ಹೊಳೆದಡದ ದಾರಿ ಇದ್ದೇ ಇರುತ್ತದೆ.

ದಾರಿ ತೋರಿಸುವವರು ಯಾರಾಗಬೇಕು ಎಂಬುದು ನನ್ನ ಮಟ್ಟಿಗೆ ಬಹಳ ಮುಖ್ಯ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಬೆಳೆದ ಮಕ್ಕಳಿಗೆ, ಗಿಡಮೂಲಿಕೆ ಬಲ್ಲ ಹೆಂಗಸರಿಗೆ, ಜೇನು ಇಳಿಸುವವರಿಗೆ ಈ ಕಾಡಿನ ಬಗ್ಗೆ ಗೊತ್ತಿರುವಷ್ಟು ನಗರದಿಂದ ಗುಂಪು ಕಟ್ಟಿಕೊಂಡು ಬರುವ ಚಾರಣ ಸಂಘಟಕರಿಗೆ ಗೊತ್ತಿರುವುದಿಲ್ಲ. ಅಂಥವರಿಗೆ ಪ್ರಥಮ ಚಿಕಿತ್ಸೆಯನ್ನೂ, ಊರಿನ ಚರಿತ್ರೆಯನ್ನೂ ಕಲಿಸಿ, ಗುರುತಿನ ಚೀಟಿ ಕೊಟ್ಟು, ಪ್ರವೇಶ ಶುಲ್ಕದಲ್ಲಿ ಒಂದು ನಿಶ್ಚಿತ ಪಾಲು ಅವರ ಕೈಗೂ ಇನ್ನೊಂದು ಪಾಲು ಆಯಾ ಗ್ರಾಮ ಪಂಚಾಯಿತಿಗೂ ನೇರವಾಗಿ ಸೇರುವಂತೆ ಮಾಡಬೇಕು. ದಾರಿಯಲ್ಲಿ ಬಿದ್ದ ಬಾಟಲಿ ಹೆಕ್ಕುವ ಕೂಲಿಯೂ ಆ ಹಣದಿಂದಲೇ ಬರಬೇಕು.

ಪ್ರವಾಸಿಗರಿಗೆ ಹಳ್ಳಿಯ ಕಟ್ಟಳೆಗಳನ್ನು ತಿಳಿಸಲಿಕ್ಕೂ ಇವರೇ ತಕ್ಕವರು. ನಮ್ಮ ಕಡೆಯ ಹಳ್ಳಿಗಳಲ್ಲಿ ಬೇಸಿಗೆಯ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ, ಅಂದರೆ ಹಬ್ಬವನ್ನು ಊರಿಗೆಲ್ಲ ಸಾರಿದ ಮೇಲೆ ಹಸಿ ಮರ ಕಡಿಯುವಂತಿಲ್ಲ ಎಂಬಂಥ ನಿಯಮಗಳನ್ನು ಊರಿಗೆ ಊರೇ ಪಾಲಿಸುತ್ತದೆ. ಸುಗ್ಗಿ ಕುಣಿತ ನಡೆಯುವುದು ದೇವರಿಗಾಗಿ. ಅದನ್ನು ವಾರಾಂತ್ಯದ ಪ್ರದರ್ಶನವಾಗಿ ಹೋಂಸ್ಟೇ ಅಂಗಳಕ್ಕೆ ತರಿಸುವುದನ್ನು ನಾನು ಒಪ್ಪಲಾರೆ. ಆದರೆ ಹಬ್ಬದ ದಿನ ಚಪ್ಪಲಿ ಬಿಟ್ಟು, ಕ್ಯಾಮೆರಾ ಚೀಲದೊಳಗಿಟ್ಟು, ಊರಿನವರ ಅನುಮತಿ ಕೇಳಿ ಒಂದು ಬದಿಯಲ್ಲಿ ನಿಂತು ನೋಡುವವರಿಗೆ ಯಾವ ಹಳ್ಳಿಯೂ ಊಟ ಹಾಕದೆ ಕಳಿಸಿದ್ದನ್ನು ನಾನು ಕಂಡಿಲ್ಲ.

ಹೋಂಸ್ಟೇಗಳ ಬಗ್ಗೆ ಒಂದೇ ಮಾತು. ಮನೆಯವರು ಅಲ್ಲಿಯೇ ವಾಸವಿದ್ದು ಅತಿಥಿಯನ್ನು ನೋಡಿಕೊಂಡಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಮನೆಯವರಿಲ್ಲದ ಕಡೆಗಳಲ್ಲೇ ರಾತ್ರಿಯಿಡೀ ಧ್ವನಿವರ್ಧಕ ಕೂಗುವುದು, ಪಟಾಕಿ ಸಿಡಿಯುವುದು ಹೆಚ್ಚು. ಅದರಿಂದ ಬೆದರಿದ ಆನೆ ಯಾರ ಗದ್ದೆಗೆ ನುಗ್ಗುತ್ತದೆ ಎಂದು ಅತಿಥಿಗಳು ಯೋಚಿಸುವ ಸಂದರ್ಭ ಬರುವುದಿಲ್ಲ. ನೋಂದಣಿಯ ನಿಯಮಗಳು ಈಗಾಗಲೇ ಇವೆ, ಅವುಗಳ ಪಾಲನೆಯನ್ನು ಸ್ಥಳಕ್ಕೆ ಬಂದು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಮಾನ್ಯರೆ, ಮುಂದಿನ ಚಾರಣದ ಕಾಲ ಅಕ್ಟೋಬರ್‌ನಲ್ಲಿ ಮಳೆ ಹಿಂದೆಗೆದ ಮೇಲೆ ಶುರುವಾಗುತ್ತದೆ. ಅದಕ್ಕಿಂತ ಮೊದಲು ಅರಣ್ಯ, ಪ್ರವಾಸೋದ್ಯಮ, ಪುರಾತತ್ವ, ರೈಲ್ವೆ, ಪೊಲೀಸ್ ಅಧಿಕಾರಿಗಳು, ಪುರಸಭೆ ಮತ್ತು ಗ್ರಾಮ ಪಂಚಾಯಿತಿಗಳ ಸದಸ್ಯರು, ತೋಟದ ಮಾಲೀಕರು, ಕಾರ್ಮಿಕರು, ಜೀಪು ಚಾಲಕರು ಎಲ್ಲರನ್ನೂ ಸಕಲೇಶಪುರದಲ್ಲೇ ಒಂದು ದಿನ ಸೇರಿಸಿ. ಆರಂಭಕ್ಕೆ ಎರಡು ದಾರಿ ಸಾಕು: ಸಕಲೇಶ್ವರನ ಗುಡಿಯಿಂದ ಹೊಳೆದಡದ ಸುತ್ತು ಒಂದು, ಮಂಜರಾಬಾದ್ ಕೋಟೆಯ ಮಾರ್ಗದರ್ಶಿತ ಸುತ್ತು ಇನ್ನೊಂದು. ಹುಲ್ಲುಗುಡ್ಡದ ಮೂರನೆಯ ದಾರಿಯನ್ನು ಆ ಎರಡೂ ಒಂದು ವರ್ಷ ಹೇಗೆ ನಡೆದವೆಂದು ನೋಡಿ ಆಮೇಲೆ ತೆರೆಯಬಹುದು, ಜೀಪುಗಳನ್ನು ಮಾತ್ರ ಅಲ್ಲಿಯವರೆಗೂ ಕಾಯದೆ ಈಗಲೇ ಕೆಳಗೆ ನಿಲ್ಲಿಸಬೇಕು. ಹೊಳೆದಡದ ಸುತ್ತಿನಲ್ಲಿ ನಮ್ಮ ಕುಟುಂಬದ ತೋಟದ ಬೇಲಿಯಂಚಿನ ಕಾಲುದಾರಿಯೂ ಬರುತ್ತದೆ. ಅದನ್ನು ಹಗಲಿನಲ್ಲಿ, ಮಾರ್ಗದರ್ಶಕರ ಜೊತೆ ಬರುವವರಿಗೆ ಬಿಟ್ಟುಕೊಡಲು ನಾವು ಒಪ್ಪಿದ್ದೇವೆ, ಅಕ್ಕಪಕ್ಕದ ಕೆಲವರೊಡನೆಯೂ ಮಾತಾಡಿದ್ದೇನೆ. ತಾವು ದಿನ ಗೊತ್ತುಮಾಡಿದರೆ ಅಧಿಕಾರಿಗಳ ಜೊತೆ ಆ ದಾರಿಯನ್ನು ಪೂರ್ತಿ ನಡೆದು, ಎಲ್ಲಿ ಆನೆ ದಾಟುತ್ತದೆ, ಎಲ್ಲಿ ಮಣ್ಣು ಸಡಿಲ, ಎಲ್ಲಿ ಒಂದು ಸಣ್ಣ ಕಾಲುಸಂಕ ಬೇಕು ಎಂಬುದನ್ನು ತೋರಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ